ಕೀಮೋ ನಡೆಯುವಾಗ ಕಷಾಯ ಕೊಡಬಹುದಾ?

ಕೇಳಿದವರು: ಅಮ್ಮನಿಗೆ ಸ್ತನ ಕ್ಯಾನ್ಸರ್. ಎರಡು ಕೀಮೋ ಆಗಿದೆ. ದೊಡ್ಡಮ್ಮ ಲಕ್ಷ್ಮಣ ಫಲದ ಎಲೆ ಕಳಿಸಿದ್ದಾರೆ, ದಿನಾ ಕುದಿಸಿ ಕುಡಿಸು ಅಂತ. ಇಂಥದ್ದು ಕೊಟ್ಟು ನೋಡಿದವರು ಇದ್ದೀರಾ?

ಶಿರಸಿಯಿಂದ: ನಾವು ಕೊಟ್ಟಿದ್ದು ಅಮೃತಬಳ್ಳಿ. ಮಾವನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಬಳ್ಳಿ ಬೇಲಿ ಮೇಲೇ ಇತ್ತು, ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ. ಮನೆಮದ್ದು ತಾನೇ ಅಂತ ಡಾಕ್ಟರಿಗೆ ಹೇಳಲೂ ಇಲ್ಲ. ಮೂರನೇ ಕೀಮೋಗೆ ಹೋದರೆ ಲಿವರ್ ರಿಪೋರ್ಟ್ ಕೆಟ್ಟಿತ್ತು. ವಾಪಸ್ ಕಳಿಸಿದರು. "ಮನೆಯಲ್ಲಿ ಬೇರೆ ಏನಾದ್ರೂ ಕೊಡ್ತಿದ್ದೀರಾ?" ಅಂತ ಎರಡು ಸಲ ಕೇಳಿದರು, ಇಲ್ಲ ಅಂದೆವು. ಮೂರನೇ ಸಲ ಮಾವನೇ ಬಾಯಿಬಿಟ್ಟರು. ಕಷಾಯ ನಿಲ್ಲಿಸಿದ ಮೇಲೆ ಸರಿಹೋಯಿತು, ಆದರೆ ಮೂರು ವಾರ ಹಾಳು. ಅದರಿಂದಲೇ ಆಯ್ತು ಅಂತ ಆಣೆ ಇಟ್ಟು ಹೇಳಲಾರೆ, ಕೀಮೋದಿಂದಲೂ ಹಾಗಾಗುತ್ತದೆ. ಎರಡೂ ಒಟ್ಟಿಗೆ ನಡೆದರೆ ಯಾವುದರ ಕಿತಾಪತಿ ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ. 2020ರ ಕೊನೆಯಲ್ಲಿ ಮುಂಬೈಯಲ್ಲೂ ಅಮೃತಬಳ್ಳಿ ಸೇವಿಸಿದ ಆರು ಜನರಿಗೆ ಲಿವರ್ ತೊಂದರೆ ಆಗಿದ್ದನ್ನು ವೈದ್ಯರು ವರದಿ ಮಾಡಿದ್ದಾರೆ.

ತಮಾಷೆ ಅಂದರೆ, ಮಾವನಿಗೆ ಹಾಕುತ್ತಿದ್ದ ಕೀಮೋ ಔಷಧ ಇರಿನೊಟೆಕಾನ್ ಕೂಡ ಗಿಡದ ಮದ್ದೇ. ಅದನ್ನು ತಯಾರಿಸಲು ಬಳಸುವ ಕ್ಯಾಂಪ್ಟೊಥೆಸಿನ್ ಅನ್ನುವ ರಾಸಾಯನಿಕ ನಮ್ಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆ. ಹಾಗಂತ ಆ ಮರದ ತೊಗಟೆ ಕುದಿಸಿ ಕುಡಿದೀರಿ, ವಿಷ!

ಮೈಸೂರಿನಿಂದ: ನಾನು ಫಾರ್ಮಸಿ ಪಾಠ ಮಾಡಿದವಳು. ಅಂಗಳದ ನಿತ್ಯಪುಷ್ಪ ನೋಡಿದ್ದೀರಲ್ಲ, ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟೀನ್ ಸಿಗುವುದು ಅದರಿಂದಲೇ. 1963ರಿಂದ ಬಳಕೆಯಲ್ಲಿದೆ. ಒಂದು ಗ್ರಾಂ ತೆಗೆಯಲು ನೂರಾರು ಕೆಜಿ ಒಣ ಎಲೆ ಬೇಕು! ರೋಗಿಗೆ ಕೊಡುವುದು ಮಿಲಿಗ್ರಾಂ ಲೆಕ್ಕದಲ್ಲಿ, ಅದೂ ಎತ್ತರ, ತೂಕ ನೋಡಿ. ಲೋಟದ ಕಷಾಯದಲ್ಲಿ ಆ ಅಳತೆ ಎಲ್ಲಿಂದ ಬರಬೇಕು?

ಲಕ್ಷ್ಮಣ ಫಲದ ಸಾರ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದಿದ್ದು ನಿಜ. ಮನುಷ್ಯರಲ್ಲಿ ಗುಣವಾಗಿದ್ದಕ್ಕೆ ಪುರಾವೆ ಇಲ್ಲ. ಅದರಲ್ಲಿರುವ ಅನೋನಾಸಿನ್ ಅನ್ನುವ ರಾಸಾಯನಿಕ ನರಗಳಿಗೆ ಒಳ್ಳೆಯದಲ್ಲ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್‌ನಂಥ ಕಾಯಿಲೆ ಜಾಸ್ತಿ ಕಂಡಾಗ ಸಂಶೋಧಕರ ಅನುಮಾನ ಹೋಗಿದ್ದು ಈ ಹಣ್ಣು ಮತ್ತು ಎಲೆ ಕಷಾಯದ ಮೇಲೆಯೇ. ಕೀಮೋದಿಂದ ಮೊದಲೇ ಕೈಕಾಲು ಜೋಮು ಹಿಡಿಯುತ್ತಿದ್ದರೆ ಇದು ಬೇಡವೇ ಬೇಡ.

ಹಾಸನದಿಂದ: ಅಕ್ಕನಿಗೆ ಗೋಧಿ ಹುಲ್ಲಿನ ರಸ ಕೊಡುತ್ತಿದ್ದೆವು. ಬಿಳಿ ರಕ್ತಕಣ ಕಡಿಮೆ ಇರುವಾಗ ಹಸಿ ರಸದಿಂದ ಸೋಂಕು ಬರಬಹುದು ಅಂತ ನರ್ಸ್ ಬೈದರು. ಡಾಕ್ಟರ್ ಹತ್ತಿರ ಹೋಗುವಾಗ ಪುಡಿ, ಎಲೆ ಏನಿದ್ದರೂ ಚೀಲದಲ್ಲಿ ಒಯ್ಯಿರಿ. ಹೆಸರು ಹೇಳುವುದಕ್ಕಿಂತ ತೋರಿಸುವುದೇ ಸುಲಭ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬುಧವಾರ ಹೋಗುತ್ತಿದ್ದೇವೆ, ಎಲೆ ಜೊತೆಗೇ ಒಯ್ಯುತ್ತೇನೆ. ಇನ್ನು ದೊಡ್ಡಮ್ಮನಿಗೆ ಏನು ಹೇಳೋದು ಅಂತ ಯಾರಾದ್ರೂ ಹೇಳಿಕೊಡಿ.