4-5ನೇ ಕ್ಲಾಸಿಗೆ ಭಿನ್ನರಾಶಿ: ಪೇಪರ್ ಮಡಚಿದ್ದೆಲ್ಲಾ ಆಯ್ತು, ನೋಟ್‌ಬುಕ್ಕಲ್ಲಿ ಮಾತ್ರ ಅದೇ ಕಥೆ

ಚಾಕ್‌ಪೀಸ್ ಧೂಳು:
ಎಲ್ರಿಗೂ ನಮಸ್ಕಾರ. ನಮ್ದು ತುಮಕೂರು ಕಡೆ ಸರ್ಕಾರಿ ಶಾಲೆ, 4 ಮತ್ತು 5 ಎರಡೂ ಒಂದೇ ರೂಮಲ್ಲಿ ನಾನೇ ತಗೋತೀನಿ. ಮೂರರವರೆಗೆ ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಯ ಆಡ್ತಾ ಕಲಿಯೋ ಪದ್ಧತಿ) ಬಂದಿರೋ ಮಕ್ಕಳು, ನೆಲದ ಮೇಲೆ ಗುಂಪಲ್ಲಿ ಕೂತು ಮಾಡೋದು ಅಂದ್ರೆ ಖುಷಿ. ದುಂಡಗೆ ಪೇಪರ್ ಕತ್ತರಿಸಿ ಮಡಚಿಸ್ದೆ, ಬಣ್ಣ ಹಚ್ಚಿಸ್ದೆ, ಅರ್ಧ ಯಾವ್ದು ಕಾಲು ಯಾವ್ದು ಅಂದ್ರೆ ಟಕ್ ಅಂತ ತೋರಿಸ್ತಾರೆ. ನೋಟ್ಸಲ್ಲಿ 1/3 ದೊಡ್ದೋ 1/4 ದೊಡ್ದೋ ಅಂತ ಕೊಟ್ರೆ ಮಾತ್ರ ಮುಕ್ಕಾಲು ಪಾಲು ಮಕ್ಕಳು 1/4 ಅಂತಾರೆ, ಮೂರಕ್ಕಿಂತ ನಾಲ್ಕು ದೊಡ್ದಲ್ವಾ ಮಿಸ್ ಅಂತ. ಐದನೇ ಕ್ಲಾಸಿನವ್ರು 1/2 + 1/3 = 2/5 ಬರೀತಾರೆ, ಮೇಲಿಂದು ಮೇಲಕ್ಕೆ ಕೆಳಗಿಂದು ಕೆಳಕ್ಕೆ. ಹಂಗಾದ್ರೆ ಆ ಚಟುವಟಿಕೆಯಿಂದ ಏನ್ ಬಂತು? ಖರ್ಚಿಲ್ದೆ ಮಾಡೋ ಥರ ಏನಾದ್ರೂ ಹೇಳಿ.

ಹಳೇ ಮೇಷ್ಟ್ರು:
ಮೇಡಂ, ಮೊದ್ಲು ಆ ದುಂಡು ಪೇಪರ್ ಬಿಟ್ಬಿಡಿ. ಅರ್ಧ, ಕಾಲು, ಎಂಟನೇ ಒಂದು ಮಡಚೋದು ಸುಲಭ, ಮೂರು ಸಮಭಾಗ ಮಾಡೋಕೆ ದೊಡ್ಡವರಿಗೂ ಬರಲ್ಲ, ಹಿಂಗಾಗಿ 1/3 ಅನ್ನೋದು ಮಕ್ಕಳ ಕೈಗೆ ಸಿಗೋದೇ ಇಲ್ಲ. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ 24 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸ್ಕೊಳ್ಳಿ. 24 ಯಾಕೆ ಅಂದ್ರೆ ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3, ಎಲ್ಲಾ ಪೂರ್ತಿ ಸೆಂಟಿಮೀಟರಲ್ಲೇ ಬರುತ್ತೆ, ಸ್ಕೇಲಿಟ್ಟು ಮಕ್ಕಳೇ ಗೆರೆ ಹಾಕ್ಕೋತಾರೆ. ಕತ್ತರಿಸೋ ಮುಂಚೆ ಕೇಳಿ, ಮೂರು ಜನಕ್ಕೆ ಹಂಚಿದ್ರೆ ಉದ್ದ ತುಂಡು ಬರುತ್ತೋ ನಾಲ್ಕು ಜನಕ್ಕೆ ಹಂಚಿದ್ರೋ. ಉತ್ತರ ಹೇಳಿದ್ಮೇಲೇನೇ ಕತ್ತರಿ ಕೊಡಿ.

ಇನ್ನೊಂದು, ತುಂಡು ಕೈಲಿರೋವಾಗ್ಲೇ ನೋಟ್ಸಲ್ಲಿ ಬರೆಸ್ಬೇಕು. ಬೆಳಗ್ಗೆ ಆಟ, ನಾಳೆ ಲೆಕ್ಕ ಅಂದ್ರೆ ಅವೆರಡೂ ಬೇರೆ ಬೇರೆ ಪಾಠ ಅಂತಾನೇ ಮಕ್ಕಳು ತಿಳ್ಕೊಳ್ಳೋದು. 1995ರಲ್ಲಿ ಎಚ್.ಡಿ. ಕೋಟೆ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಯವರ ಪದ್ಧತಿ ನೋಡ್ಕೊಂಡು ಬಂದು ನಲಿ-ಕಲಿ ಕಟ್ಟಿದ್ರಲ್ಲ, ಅಲ್ಲಿ ಆಡಿದ್ದನ್ನ ಬರೆಯೋ ಕಾರ್ಡೂ ಅದೇ ಕಲಿಕಾ ಏಣಿಯಲ್ಲೇ, ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಮಾಡೋ ಚಟುವಟಿಕೆಗಳ ಸಾಲಲ್ಲೇ, ಇರುತ್ತೆ. ನಾಲ್ಕನೇ ಕ್ಲಾಸಿಗೆ ಬಂದ್ಮೇಲೆ ನಾವು ಆಟ ಉಳಿಸ್ಕೊಂಡು ಏಣಿ ಬಿಟ್ವಿ.

ರಾಗಿಕಣಜ:
ಹಳ್ಳಿ ಮಕ್ಕಳಾದ್ರೆ ಪಾವು, ಅಚ್ಚೇರು, ಸೇರು ತರ್ಸಿ ಮೇಡಂ, ನಮ್ಮ ಕಡೆ ಇನ್ನೂ ಅಟ್ಟದ ಮೇಲೆ ಸಿಗುತ್ತೆ. ನಾಲ್ಕು ಪಾವು ಒಂದು ಸೇರು, ಎರಡು ಪಾವು ಅಚ್ಚೇರು. ಮರಳು ಅಳೆದು ಸುರಿಸಿದ್ರೆ 2/4 ಮತ್ತೆ 1/2 ಒಂದೇ ಅನ್ನೋದು ಬೋರ್ಡು ಬೇಡದೇ ಗೊತ್ತಾಗುತ್ತೆ. ರಾಗಿ ತರಿಸ್ಬೇಡಿ, ಅರ್ಧ ಜೇಬಿಗೆ ಹೋಗುತ್ತೆ 😄

ಧಾರವಾಡದಕ್ಕ:
ಪಾವು-ಸೇರು ಛಲೋ ಅದರಿ, ಆದ್ರ ನಮ್ಮ ಸಾಲಿ ಹುಡುಗ್ರು ಅವನ್ನ ನೋಡೇ ಇಲ್ಲ, ಮನ್ಯಾಗ ಎಲ್ಲಾ ಕೆಜಿ ಪಾಕೀಟ. ನಾ ಸಂತಿ ಲೆಕ್ಕದಿಂದ ಚಾಲೂ ಮಾಡ್ತೀನಿ. ಕಾಲ್ ಕೆಜಿ ಬದನಿಕಾಯಿ, ಅರ್ಧಾ ಕೆಜಿ ಉಳ್ಳಾಗಡ್ಡಿ ಅಂದ್ರ 250, 500 ಬಾಯಾಗ ಇರ್ತದ. ಮುಕ್ಕಾಲ್ ಕೆಜಿಗೆ ಯಾವ್ ಯಾವ್ ಕಲ್ಲು ಇಡ್ಬೇಕು ಅಂತ ಕೇಳ್ರಿ, 1/2 ಮತ್ತ 1/4 ತಾವ ಕೂಡಸ್ತಾರ. ಸರ್ಕಾರಿ ಸಾಲಿಗೆ ಬಂದಿರೋ ಗಣಿತ ಕಲಿಕಾ ಆಂದೋಲನದ ಕಿಟ್ಟಿನ್ಯಾಗೂ ಭಿನ್ನರಾಶಿ ತುಂಡ ಅದಾವ, ಒಂದೊಂದ್ ಕಡೆ ಕಳದ್ರ ಯಾರ್ ಉತ್ತರ ಕೊಡೋರು ಅಂತ ಬೀರೂನ್ಯಾಗ ಕೀಲಿ ಹಾಕಿ ಇಟ್ಟಿರ್ತಾರ, ಮೊದ್ಲ ಅದನ್ನ ತಗೀರಿ.

ಬೆಂಗ್ಳೂರ್ ಅಪ್ಪ:
ನೀವೆಲ್ಲಾ ಪುಣ್ಯವಂತ್ರು ಬಿಡಿ. ನನ್ನ ಮಗಳ ಸ್ಕೂಲಲ್ಲಿ ಆಕ್ಟಿವಿಟಿ ಅಂದ್ರೆ ಭಾನುವಾರ ರಾತ್ರಿ ಥರ್ಮಾಕೋಲ್ ತರೋದು ನಾನು, ಕತ್ತರಿಸೋದು ಅವಳಮ್ಮ, ಮಾರ್ಕ್ಸು ಮಾತ್ರ ಅವಳಿಗೆ.

ಚಾಕ್‌ಪೀಸ್ ಧೂಳು:
ಪಟ್ಟಿ ಐಡಿಯಾ ಚೆನ್ನಾಗಿದೆ ಸಾರ್, ಸ್ಕೇಲಂತೂ ಎಲ್ಲರ ಹತ್ರ ಇದೆ. ಆದ್ರೆ ಆ 2/5 ಕಥೆ? ತಪ್ಪು ಅಂತ ಕೆಂಪು ಗೀಟು ಹಾಕಿದ್ರೆ ಅಳಿಸಿ 5/6 ಬರೀತಾರೆ, ಯಾಕೆ ಅಂದ್ರೆ ಗೊತ್ತಿಲ್ಲ.

ಹಳೇ ಮೇಷ್ಟ್ರು:
ತಪ್ಪು ಅನ್ನಲೇಬೇಡಿ. 2/5 ಅಂದ್ರೆ ಪಟ್ಟಿಯಲ್ಲಿ ಎಷ್ಟುದ್ದ ಅಂತ ಅವರ ಕೈಲೇ ತೆಗೆಸಿ. 24ರ ಪಟ್ಟಿಯಲ್ಲಿ 9.6 ಬಂದು ಒದ್ದಾಡ್ತಾರೆ, ಅದಕ್ಕೆ ಈ ಲೆಕ್ಕಕ್ಕೆ ಮಾತ್ರ 30ರ ಪಟ್ಟಿ ತಗೊಳ್ಳಿ. 2/5 ಅಂದ್ರೆ 12 ಸೆಂ.ಮೀ., ಬರೀ ಅರ್ಧಾನೇ 15. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ಮೇಲೆ ಅರ್ಧಕ್ಕಿಂತ ಕಮ್ಮಿ ಹೆಂಗಾಯ್ತಪ್ಪಾ ಅಂತ ಕೇಳಿ ಸುಮ್ನೆ ನಿಂತ್ಕೊಳ್ಳಿ, ಕ್ಲಾಸು ಗಲಾಟೆ ಆಗುತ್ತೆ, ಆಗ್ಲಿ. ಆಮೇಲೆ 15ರ ತುಂಡು, 10ರ ತುಂಡು ಸಾಲಾಗಿ ಇಟ್ರೆ 25. ಅದರ ಕೆಳಗೆ 5 ಸೆಂ.ಮೀ. ತುಂಡುಗಳನ್ನ ಜೋಡಿಸೋಕೆ ಹೇಳಿ, ಐದು ಹಿಡಿಯುತ್ತೆ, ಅಂಥವು ಆರಾದ್ರೆ ಪೂರ್ತಿ ಪಟ್ಟಿ, ಅದೇ 5/6. ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಅನ್ನೋ ಮಾತು ಇಷ್ಟಾದ್ಮೇಲೆ ತೆಗೀರಿ.

ನಾಲ್ಕನೇ ಕ್ಲಾಸಿನವ್ರು ಅಷ್ಟೊತ್ತು ಖಾಲಿ ಕೂರೋದು ಬೇಡ. ಒಂದೇ ಅಳತೆಯ ಎರಡು ಹಾಳೆ ಕೊಟ್ಟು ಒಂದನ್ನ ಅಡ್ಡಕ್ಕೆ, ಇನ್ನೊಂದನ್ನ ಮೂಲೆಯಿಂದ ಮೂಲೆಗೆ ಅರ್ಧ ಮಾಡಿಸಿ, ಯಾವ ಅರ್ಧ ದೊಡ್ದು ಅಂತ ಜಗಳಕ್ಕೆ ಬಿಡಿ. ಬಹಳಷ್ಟು ಮಕ್ಕಳು ತ್ರಿಕೋನಾನೇ ದೊಡ್ದು ಅಂತಾರೆ. ಕತ್ತರಿಸಿ ಒಂದರ ಮೇಲೊಂದು ಇಟ್ಟು ಅವರೇ ಇತ್ಯರ್ಥ ಮಾಡ್ಕೊಳ್ಲಿ.

ಚಾಕ್‌ಪೀಸ್ ಧೂಳು:
ಸೋಮವಾರನೇ ಮಾಡಿಸ್ತೀನಿ ಸಾರ್. ಕತ್ತರಿ ಇರೋದು ನಾಲ್ಕೇ, ಸ್ಕೇಲ್ ಇಟ್ಟು ಹರಿಸಿದ್ರೆ ಆಗುತ್ತಲ್ವಾ?

ಹಳೇ ಮೇಷ್ಟ್ರು:
ಆಗುತ್ತೆ. ಉಗುರಲ್ಲಿ ಚೆನ್ನಾಗಿ ಮಡಿಕೆ ತೀಡಿಸಿ ಆಮೇಲೆ ಹರಿಸಿ.