ಪ್ರಶ್ನೋತ್ತರ: ಹಲ್ಲೆಯ ಗಾಯ ಯಾವ ದರ್ಜೆಯದು, ಶಿಕ್ಷೆ ಎಷ್ಟು?

ಸಕಲೇಶಪುರದ ಸದಸ್ಯರು: ವಕೀಲರಿಗೆ ನಮಸ್ಕಾರ. ತೋಟದ ಬೇಲಿಯ ಜಗಳದಲ್ಲಿ ದೊಡ್ಡಪ್ಪನ ಮಗ ಕತ್ತಿಯ ಬೆನ್ನಿನಿಂದ ನನ್ನ ತಂದೆಯವರ ಮುಂಗೈಗೆ ಹೊಡೆದಿದ್ದಾನೆ. ಅಂದು ಆಸ್ಪತ್ರೆಯಲ್ಲಿ ‘ಸಾಮಾನ್ಯ ಗಾಯ’ ಎಂದು ಬರೆದರು, ಠಾಣೆಯಲ್ಲಿ ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡದ ಅಪರಾಧದ ದಾಖಲೆ) ಮಾಡಿ ಕಳುಹಿಸಿದರು. ಆಮೇಲೆ ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಬಿಟ್ಟಿರುವುದು ಕಂಡಿದೆ. ಮುಂದೇನು?

ವಕೀಲರು, ಹಾಸನ: ಇದನ್ನು ಎನ್‌ಸಿಆರ್‌ನಲ್ಲೇ ಬಿಟ್ಟರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಭಾರತೀಯ ನ್ಯಾಯ ಸಂಹಿತೆಯ 115(2)ರಂತೆ ಸಾಮಾನ್ಯ ಗಾಯಕ್ಕೆ 1 ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಇವೆ. ಅದು ಅಸಂಜ್ಞೇಯವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೂಳೆ ಮುರಿದರೆ ಅದು ತೀವ್ರ ಗಾಯ, 117(2)ರಡಿ 7 ವರ್ಷದವರೆಗೆ ಶಿಕ್ಷೆ. ಮೂಳೆ ಎರಡು ತುಂಡಾಗಬೇಕೆಂದಿಲ್ಲ, ಬಿರುಕೂ ಮುರಿತವೇ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ತೊಡಕಿರುವುದು ಕತ್ತಿಯಲ್ಲಿ. ಕಡಿಯುವ ಆಯುಧದಿಂದ ತೀವ್ರ ಗಾಯ ಮಾಡಿದರೆ 118(2) ಅನ್ವಯಿಸಿ, ಕನಿಷ್ಠ 1 ವರ್ಷದಿಂದ 10 ವರ್ಷದವರೆಗೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದು, ಜಾಮೀನೂ ಹಕ್ಕಲ್ಲ. ಬೆನ್ನಿನಿಂದ ಹೊಡೆದಾಗ ಕತ್ತಿ ಬರೀ ದೊಣ್ಣೆಯೆಂದು ಎದುರು ವಕೀಲರು ವಾದಿಸಿಯೇ ವಾದಿಸುತ್ತಾರೆ. ಹಾಗೆಂದು ಈಗ ಹೇಳಿಕೆ ತಿದ್ದಿ ‘ಅಲಗಿನಿಂದ ಕಡಿದ’ ಎನ್ನಬೇಡಿ; ಗಾಯದ ಪ್ರಮಾಣಪತ್ರದಲ್ಲಿ ಕಡಿತದ ಗುರುತಿಲ್ಲದಿದ್ದರೆ ನಿಜವೂ ಸುಳ್ಳಾಗಿ ಕಾಣುತ್ತದೆ. ಎಕ್ಸ್‌ರೇ ಫಿಲ್ಮನ್ನು ಅದೇ ವೈದ್ಯರಿಗೆ ತೋರಿಸಿ ಅಂತಿಮ ಅಭಿಪ್ರಾಯ ಬರೆಸಿಕೊಂಡು, ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎಫ್‌ಐಆರ್ ಮಾಡದಿದ್ದರೆ ಎಸ್‌ಪಿಯವರಿಗೆ ಬರೆಯಿರಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ.

ಬೇಲೂರಿನ ಸದಸ್ಯರು: ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣದಲ್ಲಿ ಪೊಲೀಸರು ಬಂಧಿಸುವಂತೆಯೇ ಇಲ್ಲ ಎಂಬ ಸಂದೇಶ ಬಂದಿದೆ, ಎಲ್ಲರಿಗೂ ಕಳುಹಿಸಿ.

ವಕೀಲರು: ದಯವಿಟ್ಟು ಕಳುಹಿಸಬೇಡಿ. ಕಾರಣಗಳನ್ನು ಬರೆದಿಟ್ಟು ಬಂಧಿಸಬಹುದು. ವಿಚಾರಣೆಗೆ ಬರುವಂತೆ ಪೊಲೀಸರ ನೋಟಿಸು ಬಂದಾಗ ಈ ಸಂದೇಶ ನಂಬಿ ಮನೆಯಲ್ಲಿ ಕೂತವರು ಬಂಧನವನ್ನು ತಾವೇ ಕರೆದುಕೊಳ್ಳುತ್ತಾರೆ.

ಚನ್ನರಾಯಪಟ್ಟಣದ ಸದಸ್ಯರು: ತಲೆಗೆ ಆರು ಹೊಲಿಗೆ ಬಿದ್ದರೆ ತೀವ್ರ ಗಾಯವಲ್ಲವೇ? ಘಟನೆ 2024ರ ಮೇ ತಿಂಗಳಿನದು.

ವಕೀಲರು: ಹೊಲಿಗೆಯ ಲೆಕ್ಕದಿಂದ ದರ್ಜೆ ತೀರ್ಮಾನವಾಗುವುದಿಲ್ಲ. ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕೆ ಮುಂಚಿನ ಘಟನೆಗೆ ಹಳೆಯ ದಂಡ ಸಂಹಿತೆಯೇ ಅನ್ವಯ. ಮೂಳೆ ಮುರಿತದಂಥ ಬೇರೆ ಕಾರಣವಿಲ್ಲದಿದ್ದರೆ ಅದರಲ್ಲಿ ದಿನನಿತ್ಯದ ಕೆಲಸ ಮಾಡಲಾಗದೆ 20 ದಿನ ಕಳೆದಿರಬೇಕು, ಹೊಸದರಲ್ಲಿ 15.

ಆಲೂರಿನ ಸದಸ್ಯರು: ತೋಟದ ಕಾವಲುಗಾರನೇ ಮೆಣಸು ಕದ್ದಿದ್ದಾನೆ. ಐದು ಸಾವಿರದೊಳಗಿನ ಕಳವಿಗೆ ಸಮುದಾಯ ಸೇವೆ ಮಾಡಿಸಿ ಬಿಡುತ್ತಾರಂತೆ. ಇದೆಂಥ ಕಾನೂನು?

ಅರಸೀಕೆರೆಯ ಸದಸ್ಯರು: ಕೂಲಿ ಸರಿಯಾಗಿ ಕೊಟ್ಟಿದ್ದರೆ ಕದಿಯುತ್ತಿದ್ದನೇ?

ಆಲೂರಿನ ಸದಸ್ಯರು: ತೋಟ ಕಾಯುವ ಕಷ್ಟ ಬಯಲುಸೀಮೆಯವರಿಗೆ ತಿಳಿಯದು, ನೀವು ಸುಮ್ಮನಿರಿ.

ಅರಸೀಕೆರೆಯ ಸದಸ್ಯರು: ನಿಮ್ಮ ಅಪ್ಪಣೆ ಬೇಕಿಲ್ಲ ಸ್ವಾಮಿ.

ವಕೀಲರು: ಇಬ್ಬರೂ ನಿಲ್ಲಿಸಿ. ಸಮುದಾಯ ಸೇವೆ ಇರುವುದು 303(2)ರಲ್ಲಿ: ಮೊದಲ ಬಾರಿ ಅಪರಾಧಿಯಾಗಿ, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದವನಿಗೆ ಮಾತ್ರ. ಸಂಬಳದ ಆಳು ಮಾಲೀಕನ ವಶದಲ್ಲಿದ್ದ ಸ್ವತ್ತನ್ನು ಕದ್ದರೆ ಅದು 306, 7 ವರ್ಷದವರೆಗೆ ಶಿಕ್ಷೆ.

ಹೊಳೆನರಸೀಪುರದ ಸದಸ್ಯರು: ಪ್ರಕರಣ ಬಾಕಿಯಿದ್ದರೆ ಪಾಸ್‌ಪೋರ್ಟ್ ಸಿಗುತ್ತದೆಯೇ?

ಬೇಲೂರಿನ ಸದಸ್ಯರು: ಮೂಳೆ ಮುರಿದರೆ ಶಿಕ್ಷೆ ಎಷ್ಟು ಸಾರ್?

ವಕೀಲರು: ಮೇಲೆ ಓದಿ.

ಬೇಲೂರಿನ ಸದಸ್ಯರು: ಉತ್ತರಿಸಲು ಬೇಸರವಾದರೆ ಗುಂಪಿನಲ್ಲಿ ಏಕಿದ್ದೀರಿ? ಎದುರಿನವರ ಮೇಲೆ ಪ್ರತಿದೂರು ಹಾಕಿದರೆ ಎಲ್ಲವೂ ರಾಜಿಯಾಗುತ್ತದೆ, ವಕೀಲರೇ ಬೇಡ.

ವಕೀಲರು: ಸುಳ್ಳು ದೂರು ಕೊಡುವುದೂ ಅಪರಾಧವೇ. ಸಕಲೇಶಪುರದವರು ಇವರ ಮಾತು ಕೇಳದೆ ನಾಳೆಯೇ ವೈದ್ಯರನ್ನು ಕಾಣಿ.