ಸಿಂಹಗಡದ ಪ್ರಿಂಟ್: ನಾಲ್ಕು ಬಣ್ಣ ಹಾಕಿದರೂ ಬೆಟ್ಟಗಳು ಹಿಂದೆ ಸರಿಯುತ್ತಿಲ್ಲ

ಕೋಥ್ರೂಡ್_ಕುಂಚ
ಪುಣೆ ಹತ್ತಿರದ ಸಿಂಹಗಡ ಕೋಟೆಯ ಮಳೆಗಾಲದ ಸ್ಕ್ರೀನ್ ಪ್ರಿಂಟ್, ಎ3, 300 ಜಿಎಸ್‌ಎಂ ಕಾಗದ, ವಾಟರ್‌ಬೇಸ್ ಇಂಕ್. ಸ್ಕ್ರೀನ್ (ಇಂಕನ್ನು ಕಾಗದಕ್ಕೆ ಇಳಿಸುವ ಜಾಲರಿ ಚೌಕಟ್ಟು) ನಾಲ್ಕು: ಹಳದಿ, ಹಸಿರು, ನೀಲಿ, ಕೊನೆಗೆ ಕಪ್ಪು ಗೆರೆ. ಮೂರು ಸಾಲು ಬೆಟ್ಟ, ಮುಂದೆ ಒಂದು ಮರ. ಪ್ರಿಂಟ್ ತೆಗೆದರೆ ಎಲ್ಲವೂ ಒಂದೇ ಗೋಡೆಗೆ ಅಂಟಿಸಿದ ಹಾಗಿದೆ. ಐದನೇ ಸ್ಕ್ರೀನ್‌ಗೆ ದುಡ್ಡಿಲ್ಲ. ಎಲ್ಲಿ ಎಡವಿದ್ದೇನೆ?

ದಾದರ್_ಸ್ಕ್ವೀಜಿ
ಐದನೆಯದು ಬೇಡವೇ ಬೇಡ. ಮೊದಲು ಬೆಟ್ಟಗಳ ಕಪ್ಪು ಗೆರೆ ತೆಗೆಯಿರಿ. ದೂರದ ಬೆಟ್ಟಕ್ಕೂ ಹತ್ತಿರದ ಮರಕ್ಕೂ ಒಂದೇ ದಪ್ಪದ ಗೆರೆ ಬಿದ್ದರೆ ದೂರದ್ದೂ ಮುಂದೆ ಬಂದು ಕೂರುತ್ತದೆ.

ಮೂರೂ ಬೆಟ್ಟಕ್ಕೆ ಒಂದೇ ನೀಲಿ-ಹಸಿರು ಸಾಕು: 4 ಪಾಲು ಟ್ರಾನ್ಸ್‌ಪರೆಂಟ್ ಬೇಸ್ (ಇಂಕನ್ನು ಪಾರದರ್ಶಕವಾಗಿಸುವ ಬಣ್ಣವಿಲ್ಲದ ಲೇಪ), 1 ಪಾಲು ಇಂಕ್. ಬೆಟ್ಟಕ್ಕೊಂದು ಸ್ಕ್ರೀನ್, ದೂರದ್ದು ಮೊದಲು. ಆಟವಿರುವುದು ಆಕಾರದಲ್ಲಿ. ಮುಂದಿನ ಬೆಟ್ಟ ಶುರುವಾಗುವಲ್ಲಿ ಹಿಂದಿನದನ್ನು ಕತ್ತರಿಸಬೇಡಿ, ಚಿತ್ರದ ಬುಡದವರೆಗೂ ಇಳಿಸಿ. ಆಗ ದೂರದ್ದಕ್ಕೆ ಒಂದು ಪದರ, ನಡುವಿನದಕ್ಕೆ ಎರಡು, ಹತ್ತಿರದ್ದಕ್ಕೆ ಮೂರು. ಗಾಢತೆ ತಾನಾಗಿ ಏರುತ್ತದೆ. ಕತ್ತರಿಸಿ ಜೋಡಿಸಿದರೆ ರಿಜಿಸ್ಟ್ರೇಷನ್ (ಬಣ್ಣಗಳು ತಮ್ಮ ಜಾಗದಲ್ಲೇ ಕೂರುವ ಜೋಡಣೆ) ಕೂದಲೆಳೆ ಸರಿದರೂ ಬಿಳಿ ಸಂದು ಬೀಳುತ್ತದೆ.

ಮೂರನೇ ಪದರದ ಜಿಗಿತ ಮೊದಲನೆಯದರಷ್ಟು ಕಾಣುವುದಿಲ್ಲ. ಆ ಸ್ಕ್ರೀನಿನ ಮಿಶ್ರಣಕ್ಕೆ ಚೂರು ಹಳದಿ ಹಾಕಿ, ಬೆಚ್ಚಗಾದರೆ ಹತ್ತಿರ ಬರುತ್ತದೆ. ನಾಲ್ಕನೇ ಸ್ಕ್ರೀನ್ ಮರಕ್ಕೆ, ಕಡುಕಂದು, ಬೇಸ್ ಇಲ್ಲದೆ. ಆಕಾಶಕ್ಕೆ ಕಾಗದವೇ ಸಾಕು. ಎಲ್ಲ ಇಂಕಿನ ಗಾಢತೆ ಒಂದೇ ಅಲ್ಲ, ಮೂರು ಪದರದ ಪಟ್ಟಿ ಎಳೆದು ಒಣಗಿಸಿ ನೋಡಿಯೇ ಮುಂದುವರಿಯಿರಿ.

ಕೋಥ್ರೂಡ್_ಕುಂಚ
ಅರ್ಥವಾಯಿತು. ಆದರೆ ಬೆಟ್ಟದ ಬುಡದಲ್ಲಿ ಮಂಜು ಬೇಕಲ್ಲ?

ಮಾಪುಸಾ_ಮೆಶ್
ಮಂಜು ಬಂದರೆ ಮೇಲಿನ ಲೆಕ್ಕ ಕೆಡುತ್ತದೆ. ಹಿಂದಿನ ಬೆಟ್ಟ ಬುಡದಲ್ಲಿ ಕರಗಿದರೆ ಮುಂದಿನದರ ಕೆಳಗೆ ಪದರವೇ ಇರುವುದಿಲ್ಲ, ಮೂರೂ ಒಂದೇ ಗಾಢ. ಹಾಗಾಗಿ ಬೇಸ್ ಪ್ರಮಾಣ ಬದಲಿಸಿ: ದೂರದ್ದಕ್ಕೆ 1 ಪಾಲು ಇಂಕಿಗೆ 8, ನಡುವಿನದಕ್ಕೆ 4, ಹತ್ತಿರದ್ದಕ್ಕೆ 2. ಕರಗುವಿಕೆಗೆ ಹಾಫ್‌ಟೋನ್ ಚುಕ್ಕೆ (ಗಾತ್ರ ಬದಲಾಗುತ್ತ ಛಾಯೆ ಕೊಡುವ ಸಣ್ಣ ಚುಕ್ಕೆಗಳು): 77ಟಿ (ಸೆಂ.ಮೀ.ಗೆ 77 ಎಳೆ) ಮೆಶ್‌ಗೆ ಇಂಚಿಗೆ 40-45 ಚುಕ್ಕೆ ಸಾಲು, ಸಾಲಿನ ಕೋನ 22.5 ಡಿಗ್ರಿ. ಕೋನ 0 ಅಥವಾ 90 ಇಟ್ಟರೆ ಮೆಶ್ಶಿನ ಎಳೆಗೂ ಚುಕ್ಕೆಗೂ ತಾಳ ತಪ್ಪಿ ಮೊಯಿರೆ (ಬೇಡದ ಅಲೆಅಲೆ ಮಾದರಿ) ಏಳುತ್ತದೆ. ಚುಕ್ಕೆ ಕಾಣುತ್ತದಲ್ಲ ಎಂದು ಕೊರಗಬೇಡಿ. ಲೋಣಾವಳದ ಹತ್ತಿರ ಮಳವಲಿಯಲ್ಲಿದ್ದ ರವಿವರ್ಮ ಪ್ರೆಸ್ಸಿನ ಕಲ್ಲಚ್ಚಿನಲ್ಲಿ ನವಿರು ಛಾಯೆ ಬರುತ್ತಿದ್ದುದು ಒಂದು ಚಿತ್ರಕ್ಕೆ ಹಲವು ಕಲ್ಲು ಬಳಸಿ. ನಾಲ್ಕು ಸ್ಕ್ರೀನಿನಿಂದ ಅದನ್ನು ಕೇಳುವುದು ಅನ್ಯಾಯ.

ದಾದರ್_ಸ್ಕ್ವೀಜಿ
ಸರಿ, 8-4-2 ಒಪ್ಪಿದೆ. ಇನ್ನೊಂದು: ಈ ತೇವದಲ್ಲಿ ಕಾಗದ ನೀರು ಹೀರಿ ಗ್ರೇನಿಗೆ (ನಾರು ಮಲಗಿದ ದಿಕ್ಕಿಗೆ) ಅಡ್ಡಲಾಗಿ ಹಿಗ್ಗುತ್ತದೆ, ಎರಡನೇ ಬಣ್ಣದ ಹೊತ್ತಿಗೆ ಅಳತೆಯೇ ಬೇರೆ. ಹಿಂದಿನ ದಿನವೇ ಕಟ್ಟು ಬಿಚ್ಚಿ ಪ್ರಿಂಟ್ ಕೋಣೆಯಲ್ಲಿಡಿ, ಎಲ್ಲ ಹಾಳೆಯ ಗ್ರೇನ್ ಒಂದೇ ದಿಕ್ಕಿಗಿರಲಿ. ಸ್ಕ್ರೀನಿಗೆ ಹಚ್ಚುವ ಎಮಲ್ಷನ್ (ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಲೇಪ) ಪೂರ್ತಿ ಒಣಗದೆ ಎಕ್ಸ್‌ಪೋಸ್ ಮಾಡಿದರೆ ತೊಳೆಯುವಾಗ ಆ ಸಣ್ಣ ಚುಕ್ಕೆಗಳೇ ಮೊದಲು ಕಿತ್ತು ಬರುತ್ತವೆ.

ಸ್ಕ್ರೀನಿಗೆ ಆಕಾರ ಇಳಿಸುವ ಪಾರದರ್ಶಕ ಫಿಲ್ಮ್ ತೆಗೆಸುವ ಮುಂಚೆ ಚಿತ್ರವನ್ನು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಅಲ್ಲಿ ಎರಡು ಬೆಟ್ಟ ಒಂದಾದರೆ ಪ್ರಿಂಟಿನಲ್ಲೂ ಒಂದಾಗುತ್ತವೆ.